ಟ್ಯಾಂಕಿಗೆ ಕೆಸರು ಬಳಿಯುವ ದನದ ಡಾಕ್ಟರು

ಮನುಷ್ಯ ಎಂದ ಮೇಲೆ ಬಾಗಿಲು ಹಾಕಿಕೊಂಡು ಮಾಡುವಂಥ ಚಟ ಒಂದಾದರೂ ಇರುತ್ತದೆ. ಕೆಲವರು ಇಸ್ಪೀಟು ಆಡುತ್ತಾರೆ. ಕೆಲವರು ಹೆಂಡತಿಗೆ ಗೊತ್ತಾಗದಂತೆ ಒಂದು ಗುಟುಕು ಹಾಕುತ್ತಾರೆ. ನಿಪ್ಪಾಣಿಯ ನನ್ನ ಗೆಳೆಯನೊಬ್ಬ ಮಟಕಾದ ನಂಬರು ಕನಸಿನಲ್ಲಿ ಬರುತ್ತದೆಂದು ಮಟಮಟ ಮಧ್ಯಾಹ್ನ ಕದ ಹಾಕಿಕೊಂಡು ಮಲಗುತ್ತಿದ್ದ. ಇವು ಕೆಟ್ಟ ಚಟಗಳೇ, ಅನುಮಾನವಿಲ್ಲ. ಆದರೆ ಅವಕ್ಕೊಂದು ಮರ್ಯಾದೆ ಇದೆ. ಸಿಕ್ಕಿಬಿದ್ದರೆ ಹಿರಿಯರು ಬೈಯುತ್ತಾರೆ, ಹೆಂಡತಿ ತವರಿಗೆ ಹೋಗುತ್ತಾಳೆ, ನಾಲ್ಕು ಜನ ಕೂಡಿ ಬುದ್ಧಿ ಹೇಳುತ್ತಾರೆ. ಒಟ್ಟಿನಲ್ಲಿ ನಿಮ್ಮನ್ನು ಬೆಳೆದ ಗಂಡಸು ಎಂದು ಒಪ್ಪಿಕೊಂಡೇ ಮುಂದಿನ ಮಾತು. ನನ್ನ ಚಟಕ್ಕೆ ಆ ಭಾಗ್ಯವೂ ಇರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕಿಗೆ, ಅಂದರೆ ಯುದ್ಧದ ಟ್ಯಾಂಕಿನ ಆಟಿಕೆಗೆ, ಬಣ್ಣ ಹಚ್ಚುತ್ತಿದ್ದೆ. ಬಣ್ಣ ಒಣಗಿದ ಮೇಲೆ ಅದಕ್ಕೆ ಕೆಸರು ಬಳಿಯುತ್ತಿದ್ದೆ. ಸಿಕ್ಕಿಬಿದ್ದಾಗ ನನಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸದಲಗಾದಲ್ಲಿ ದನದ ಡಾಕ್ಟರು. ದೂಧಗಂಗಾ ದಂಡೆಯ ಊರು. ಕಬ್ಬು, ಎಮ್ಮೆ, ಹಾಲು, ಮತ್ತು ಒಂದು ಗುಂಡುಸೂಜಿ ಬೇಕಾದರೂ ಕೊಲ್ಹಾಪುರದ ಬಸ್ಸು ಹತ್ತುವ ಜನ. ದನದ ಡಾಕ್ಟರಿಗೆ ಊರಲ್ಲಿ ಮಾನ ಇರುತ್ತದೆ, ಆದರೆ ಅದು ಬಹಳ ನಾಜೂಕಿನ ಮಾನ. ಹತ್ತು ಜನರೆದುರು ಎಮ್ಮೆಯ ಹಿಂಭಾಗದಲ್ಲಿ ತೋಳಿನ ತನಕ ಕೈ ಹಾಕಿ ನಿಂತವನಿಗೆ ಮಾನವೆಂದು ಉಳಿಯುವುದು ಮುಖದ ಮೇಲಿನ ಗಾಂಭೀರ್ಯ ಒಂದೇ. ಅದನ್ನು ನಾನು ಜತನದಿಂದ ಕಾಪಾಡಿಕೊಂಡು ಬಂದಿದ್ದೆ. ನಗು ಕಡಿಮೆ, ಮಾತು ಕಡಿಮೆ, ಚಹದಂಗಡಿಯಲ್ಲಿ ಕೂರುವುದಂತೂ ಇಲ್ಲವೇ ಇಲ್ಲ. "ಸಾಹೇಬ್ರು ಭಾಳ ಗಂಭೀರ ಮನಷ್ಯಾರ ನೋಡ್ರಿ" ಎಂದು ಜನ ಆಡುವುದು ಕಿವಿಗೆ ಬಿದ್ದಾಗಲೆಲ್ಲ ನನ್ನ ಬೆನ್ನು ಬೆವರುತ್ತಿತ್ತು.

ಈ ಚಟ ಅಂಟಿದ್ದು ಪುಣೆಯಲ್ಲಿ. ಕಾಲುಬಾಯಿ ಬೇನೆಯ ಬಗ್ಗೆ ಏನೋ ತರಬೇತಿಗೆಂದು ಹೋದವನು ಸಂಜೆ ಪೇಟೆಯಲ್ಲಿ ಅಡ್ಡಾಡುವಾಗ ಒಂದು ಅಂಗಡಿಯ ಗಾಜಿನೊಳಗೆ ರಟ್ಟಿನ ಪೆಟ್ಟಿಗೆ ಕಂಡಿತು. ಅದರ ಮೇಲೆ ಕೆಸರು ಹಾರಿಸುತ್ತ ನುಗ್ಗಿ ಬರುವ ಟ್ಯಾಂಕಿನ ಚಿತ್ರ. ಒಳಗೆ ಬಿಡಿ ತುಂಡುಗಳು. ಅವನ್ನು ಅಂಟಿಸಿ, ಬಣ್ಣ ಬಳಿದು ನಾವೇ ಟ್ಯಾಂಕು ಮಾಡಿಕೊಳ್ಳಬೇಕು. ಅಂಗಡಿಯವನು ಮರಾಠಿಯಲ್ಲಿ "ಮುಲಾಸಾಠೀ ಕಾ?" ಎಂದ. ಮಗನಿಗೇನು ಎಂದು ಅರ್ಥ. ನಾನು ಹೌದೆಂದೆ. ಆಗ ನನಗಿನ್ನೂ ಮದುವೆಯೇ ಆಗಿರಲಿಲ್ಲ. ಹುಟ್ಟದ ಮಗನ ಹೆಸರಿನಲ್ಲಿ ಕೊಂಡ ಆ ಟ್ಯಾಂಕು ಮುಗಿಯುವಷ್ಟರಲ್ಲಿ ಇನ್ನೊಂದು ಬೇಕೆನಿಸಿತು. ಅಂಗಡಿಯವನು ಎರಡನೆಯ ಸಲ "ಮಗ ಹೇಗಿದ್ದಾನೆ?" ಎಂದು ಕೇಳಿದ. ಚೆನ್ನಾಗಿದ್ದಾನೆ, ಬಹಳ ಹಟ ಮಾಡುತ್ತಾನೆ ಎಂದೆ. ಎರಡನೆಯ ಮಾತು ಸುಳ್ಳಲ್ಲ.

ತುಂಡು ಜೋಡಿಸುವುದರಲ್ಲಿ ಅಂಥ ನಾಚಿಕೆಯೇನಿಲ್ಲ. ನಾಚಿಕೆ ಇರುವುದು ಮುಂದಿನ ಕೆಲಸದಲ್ಲಿ. ಮೊದಲು ಟ್ಯಾಂಕಿಗೆಲ್ಲ ಕಡುಹಸಿರು ಬಣ್ಣ. ಅದು ಮಿರಿಮಿರಿ ಮಿಂಚುತ್ತದೆ. ಯುದ್ಧದ ಟ್ಯಾಂಕು ಮಿಂಚಿದರೆ ಮದುವೆ ಮನೆಯ ಜೀಪಿನಂತೆ ಕಾಣುತ್ತದೆ. ಅದಕ್ಕೇ ಹಳೆಯದು ಮಾಡಬೇಕು. ಕಪ್ಪು ಬಣ್ಣವನ್ನು ನೀರಿನ ಹಾಗೆ ತೆಳ್ಳಗೆ ಮಾಡಿ ಸಂದುಗೊಂದುಗಳಿಗೆ ಇಳಿಸಬೇಕು. ಬ್ರಶ್ಶಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಇನ್ನೇನೂ ಉಳಿದಿಲ್ಲ ಎನ್ನುವಾಗ ಅದನ್ನು ಅಂಚುಗಳ ಮೇಲೆ ಸವರಿದರೆ, ಜನ ಹತ್ತಿ ಇಳಿದು ಸವೆದಂತೆ ಕಾಣುತ್ತದೆ. ಆಮೇಲೆ ತುಕ್ಕು, ಹೊಗೆಯ ಮಸಿ, ಕಡೆಗೆ ಕೆಸರು. ಇದಕ್ಕೆಲ್ಲ ಪರದೇಶದಲ್ಲಿ ಡಬ್ಬಿಗಟ್ಟಲೆ ಸಾಮಾನು ಸಿಗುತ್ತದಂತೆ. ಸದಲಗಾದಲ್ಲಿ ನಾನೇ ದಾರಿ ಹುಡುಕಬೇಕಾಯಿತು. ಹಳೆ ಬಂಡಿಗಾಲಿಯ ಪಟ್ಟಿ ಕೆರೆದು ತುಕ್ಕು ತಂದೆ. ಹೆಂಡತಿಯ ಕಾಡಿಗೆಯಿಂದ ಹೊಗೆ ಮಾಡಿದೆ. ದೂಧಗಂಗೆಯ ದಂಡೆಯ ಮಣ್ಣು ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ ಕೆಸರು ಮಾಡಿದೆ. ಒಮ್ಮೆ ನಿಪ್ಪಾಣಿಯ ಗೋದಾಮಿನಿಂದ ತಂಬಾಕಿನ ಧೂಳು ತಂದು ಹಾಕಿದೆ. ಬಣ್ಣವೇನೋ ಥೇಟು ಒಣಮಣ್ಣು. ಆದರೆ ಅದನ್ನು ನೋಡಲು ಬಗ್ಗಿದಾಗಲೆಲ್ಲ ಸೀನು ಬಂದು ಫಿರಂಗಿಯ ನಳಿಗೆ ಹಾರಿಹೋಗುತ್ತಿತ್ತು.

ಬ್ರಶ್ಶಿನದು ಇನ್ನೊಂದು ಕಥೆ. ಸಣ್ಣ ಗೆರೆಗಳಿಗೆ ಬೇಕಾದಷ್ಟು ನಯವಾದ ಬ್ರಶ್ಶು ಸಿಗದೆ, ದವಾಖಾನೆಗೆ ಬಂದ ಆಡುಗಳ ಕಿವಿಯ ಒಳಗಿನ ಕೂದಲನ್ನು ನಾಲ್ಕು ಎಳೆ ಕತ್ತರಿಸಿ ಇಟ್ಟುಕೊಳ್ಳತೊಡಗಿದೆ. ಕುರಿ ಕಾಯುವವರು ಇದನ್ನು ನೋಡಿ ಏನೋ ಹೊಸ ತಪಾಸಣೆ ಬಂದಿದೆ ಎಂದುಕೊಂಡರು. ಒಬ್ಬ ಮುಗಳಖೋಡದಿಂದ ಆಡನ್ನು ಹೆಗಲ ಮೇಲೆ ಹೊತ್ತು ತಂದು, "ಸಾಹೇಬ್ರ, ಇದರದೂ ಕಿವಿಕೂದ್ಲಾ ತಗೊಂಡು ನೋಡ್ರಿ, ಮೇಯವಲ್ದು" ಎಂದ. ನಾನು ಗಂಭೀರವಾಗಿ ಕೂದಲು ಕತ್ತರಿಸಿ, ಬೆಳಕಿಗೆ ಹಿಡಿದು ನೋಡಿ, ಹುಳದ ಔಷಧಿ ಕೊಟ್ಟೆ. ಆಡು ಚೇತರಿಸಿಕೊಂಡಿತು. ಕಿವಿಕೂದಲಿನ ತಪಾಸಣೆಗೆ ಜನ ಹೆಚ್ಚಾದರು. ಆ ಮನುಷ್ಯ ಕೈ ಮುಗಿದು ಹೋದ ದಿನ ನನಗೆ ಊಟ ಸೇರಲಿಲ್ಲ.

ಹೆಂಡತಿ ಸುನಂದಾ ಬೇಡಕಿಹಾಳದವಳು. ಮದುವೆಯಾಗಿ ಬಂದ ಹೊಸದರಲ್ಲಿ, ಗಂಡ ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾನೆಂದು ತಿಳಿಯದೆ ಕಳವಳಪಟ್ಟಿದ್ದಳು. ಬಣ್ಣ ತೆಳ್ಳಗೆ ಮಾಡುವ ಥಿನ್ನರಿನ ವಾಸನೆ ಬಂದಾಗ ಕುಡಿತವೇ ಇರಬೇಕೆಂದು ಗಟ್ಟಿ ಮಾಡಿಕೊಂಡು, ಒಂದು ದಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ನಾನು ಕಣ್ಣಿಗೆ ಭೂತಗನ್ನಡಿ ಹಿಡಿದು, ನಾಲಿಗೆ ಹೊರಗೆ ಚಾಚಿ, ಟ್ಯಾಂಕಿನ ಚಕ್ರಕ್ಕೆ ಮಣ್ಣು ಮೆತ್ತುತ್ತಿದ್ದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, "ಮಂದಿ ಹಳೇದನ್ನ ಹೊಸಾದ ಮಾಡ್ತಾರ. ನೀವು ಹೊಸಾದನ್ನ ಹಳೇದ ಮಾಡಾಕತ್ತೀರಲ್ರಿ?" ಎಂದಳು. ಅವಳೇ ಮತ್ತೆ ಮೆಲ್ಲಗೆ, "ಯಾರ ಮುಂದೂ ಹೇಳಬ್ಯಾಡ್ರಿ. ನಾನೂ ಹೇಳೂದಿಲ್ಲ" ಎಂದು ಕದ ಮುಂದೆ ಮಾಡಿಕೊಂಡು ಹೋದಳು. ಕುಡಿಯುವ ಗಂಡನ ಮಾನವನ್ನೂ ಹೆಂಡತಿಯರು ಇಷ್ಟು ಮುತುವರ್ಜಿಯಿಂದ ಮುಚ್ಚಿಡುವುದಿಲ್ಲ. ನೆರೆಯವರಿಗೆ ಅವಳು ನಾನು ಯಾವುದೋ ದೊಡ್ಡ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೇಳಿದ್ದಳು. ವರ್ಷಗಳು ಕಳೆದರೂ ಪರೀಕ್ಷೆ ಬರಲಿಲ್ಲ. ನಾನು ಪ್ರತಿ ವರ್ಷ ನಪಾಸಾಗುತ್ತಿದ್ದೇನೆಂದು ನೆರೆಯವರು ಕನಿಕರಪಡತೊಡಗಿದರು.

ಇಲ್ಲಿಯ ತನಕ ಎಲ್ಲ ಸುಸೂತ್ರವಾಗಿತ್ತು ಎನ್ನಬೇಕು. ತೊಡಕಿದ್ದದ್ದು ಮಾವನವರಲ್ಲಿ. ಮಾವ ಅಣ್ಣಪ್ಪನವರು ಸೈನ್ಯದಲ್ಲಿದ್ದು ಬಂದವರು. ಬೇಡಕಿಹಾಳದಲ್ಲಿ ಅವರಿಗೆ ಮಿಲ್ಟ್ರಿ ಅಣ್ಣಪ್ಪ ಎಂದೇ ಹೆಸರು. ಬೆನ್ನು ಗೂಟ ಹೊಡೆದಂತೆ ನೆಟ್ಟಗೆ, ಮೀಸೆ ಕತ್ತರಿಸಿಟ್ಟಂತೆ, ಹೊಲಕ್ಕೆ ಹೋಗುವಾಗಲೂ ಕಾಲಿಗೆ ಬೂಟು. ಪಾಕಿಸ್ತಾನದ ಯುದ್ಧದಲ್ಲಿ ಅವರು ಟ್ಯಾಂಕಿನ ಪಲ್ಟನ್ನಿನಲ್ಲಿದ್ದರು. ಹಾಲಿನ ಡೇರಿಯ ಕಟ್ಟೆಯ ಮೇಲೆ ಕುಳಿತು "ನಾವು ಟ್ಯಾಂಕ್ ತಗೊಂಡು ಪಂಜಾಬದ ಗೋಧಿ ಹೊಲದಾಗ ನುಗ್ಗಿದಿವಿ" ಎಂದು ಶುರುಮಾಡಿದರೆಂದರೆ ಹಾಲು ಅಳೆಯುವವನೂ ಅಳತೆ ನಿಲ್ಲಿಸುತ್ತಿದ್ದ. ಇಂಥವರ ಅಳಿಯ ನಾನು. ಅವರು ನಿಜವಾದ ಟ್ಯಾಂಕಿನಲ್ಲಿ ನಿಜವಾದ ಕೆಸರು ತುಳಿದವರು; ನಾನು ಜರಡಿಯಲ್ಲಿ ಸೋಸಿದ ಕೆಸರಿನವನು. ಅವರು ಮನೆಗೆ ಬರುತ್ತಾರೆಂದರೆ ಟ್ಯಾಂಕುಗಳನ್ನೆಲ್ಲ ಲಸಿಕೆ ತರುವ ಹಳೆಯ ಐಸ್ ಪೆಟ್ಟಿಗೆಯೊಳಗೆ ಹಾಕಿ, ಮೇಲೆ ದನಗಳ ಔಷಧಿ ಒಟ್ಟುತ್ತಿದ್ದೆ.

ಸಿಕ್ಕಿಬಿದ್ದದ್ದು ಖಂಡೇನವಮಿಯ ದಿನ. ಆಯುಧಗಳ ಪೂಜೆ. ಸುನಂದಾ ಜಗುಲಿಯ ಮೇಲೆ ನನ್ನ ಆಯುಧಗಳನ್ನೆಲ್ಲ ತೊಳೆದು ಜೋಡಿಸಿದ್ದಳು: ಸಿರಿಂಜು, ಕತ್ತರಿ, ಹೋರಿಗಳ ಬೀಜ ಒಡೆಯುವ ದೊಡ್ಡ ಇಕ್ಕಳ, ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಹಬ್ಬಕ್ಕೆಂದು ಬಂದಿದ್ದ ಮಾವನವರು, "ಅಳಿಯಂದ್ರ, ಇನ್ನೂ ಹತಾರ ಉಳದಾವೇನ್ರಿ?" ಎನ್ನುತ್ತ ತಾವೇ ಕೋಣೆಗೆ ಹೋದರು. ನಾನು ಹೊಸಿಲು ದಾಟುವಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಅವರು ಹೊರಗೆ ಬಂದಾಗ ಅಂಗೈಗಳ ಮೇಲೆ ನನ್ನ ಸೆಂಚುರಿಯನ್ ಟ್ಯಾಂಕು ಇತ್ತು. ನಾನು ಮಾಡಿದ್ದರಲ್ಲೆಲ್ಲ ಚಂದದ್ದು, ಅಂದರೆ ಎಲ್ಲಕ್ಕಿಂತ ಹೊಲಸಾದದ್ದು.

"ಇದು ಯಾರದು?" ಎಂದರು. ಸುನಂದಾ ಗೋಡೆಯ ಮೇಲಿನ ಹಲ್ಲಿಯನ್ನು ನೋಡತೊಡಗಿದಳು.

"ನಂದ್ರಿ ಮಾವಾರ."

"ಆಟಿಗಿ?"

"ಹೂಂನ್ರಿ."

"ನಿಮ್ದ?"

"ಹೂಂನ್ರಿ."

"ಕೆಸರ ಹತ್ತೇತಿ."

"ಹತ್ತಿಲ್ರಿ. ಹಚ್ಚೀನ್ರಿ."

ಅವರು ನನ್ನನ್ನು ನೋಡಿದರು, ಟ್ಯಾಂಕನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೆ ಎಂದು ಹಳಬರು ಹೇಳುತ್ತಾರಲ್ಲ, ಆ ಹೊತ್ತಿನಲ್ಲಿ ನಾನು ಅಷ್ಟು ದೊಡ್ಡದನ್ನು ಕೇಳಲಿಲ್ಲ. ಐಸ್ ಪೆಟ್ಟಿಗೆ ಬಾಯಿ ಬಿಟ್ಟಿದ್ದರೂ ಸಾಕಿತ್ತು. ಮಾವನವರು ಹೋಗಿ, ಇಕ್ಕಳವನ್ನು ಬದಿಗೆ ಸರಿಸಿ, ಟ್ಯಾಂಕನ್ನು ನಟ್ಟನಡುವೆ ಇಟ್ಟು, ಫಿರಂಗಿಯ ನಳಿಗೆಗೆ ಕುಂಕುಮ ಹಚ್ಚಿದರು. ಮರುದಿನ ಬನ್ನಿ ಕೊಡಲು ಊರೇ ಬಂತು. ಬಂದವರೆಲ್ಲ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ, ಟ್ಯಾಂಕಿನ ಮುಂದೆ ನಿಂತರು. "ನಮ್ಮ ಗಾಡಿ ಇದು. ಅಳಿಯಂದ್ರು ಮಾಡ್ಯಾರ" ಎಂದು ಮಾವನವರು ಎಲ್ಲರಿಗೂ ಹೇಳಿದರು. ಅಷ್ಟು ವರ್ಷ ನಾನು ಓದುತ್ತಿದ್ದ ಪರೀಕ್ಷೆ ಯಾವುದೆಂದು ನೆರೆಯವರಿಗೆ ಅಂದು ತಿಳಿಯಿತು. ಅವರು ನಗಲಿಲ್ಲ. ಸುನಂದಾಳ ಕಡೆ ಒಂದು ಸಲ ನೋಡಿ, ತಂಬಿಟ್ಟು ತಿಂದು ಹೋದರು. ನಕ್ಕಿದ್ದರೆ ಕಡಿಮೆ ಸುಡುತ್ತಿತ್ತು.

ಮಾನ ಹೋದ ಮೇಲೆ ಮನುಷ್ಯನಿಗೆ ಸ್ವಲ್ಪ ಧೈರ್ಯ ಬರುತ್ತದೆ. ನಿಜವಾದ ಟ್ಯಾಂಕಿನವರೇ ಮನೆಯಲ್ಲಿರುವಾಗ ಕೇಳದೆ ಬಿಡುವುದೇ? ಬಣ್ಣ ತಿಳಿಯಲೆಂದು ನಾನು ಪ್ರತಿ ವರ್ಷ ಟಿವಿಯಲ್ಲಿ ದಿಲ್ಲಿಯ ಪರೇಡು ನೋಡುತ್ತಿದ್ದೆ. ನಮ್ಮದು ಕಪ್ಪುಬಿಳುಪಿನ ಟಿವಿ. ಅದರಲ್ಲಿ ಟ್ಯಾಂಕೂ ಬೂದು, ಆನೆಯೂ ಬೂದು, ರಾಷ್ಟ್ರಪತಿಗಳೂ ಬೂದು. ಹಾಗಾಗಿ, "ಮಾವಾರ, ಟ್ಯಾಂಕಿನ ಒಳಗಿನ ಬಣ್ಣ ಬಿಳೇದಿರತೈತೋ ಹಸರೋ?" ಎಂದು ಕೇಳಿದೆ.

"ಒಳಗ ಕತ್ತಲ ಇರತೈತ್ರಿ" ಎಂದರು.

"ತುಕ್ಕ ಮೊದಲ ಎಲ್ಲಿ ಹಿಡೀತಿತ್ರಿ?"

"ಪಲ್ಟನ್ನಿನಾಗ ತುಕ್ಕ ಹಿಡಿಯಾಕ ಬಿಡ್ತಾರೇನ್ರಿ?" ಎಂದು ಮಗಳಿಗೆ ಚಹಾ ಮಾಡಲು ಹೇಳಿದರು. ಮತ್ತೆರಡು ಸಲ ಕೇಳಿದೆ. ಎರಡು ಸಲವೂ ಚಹಾ ಬಂತು, ಉತ್ತರ ಬರಲಿಲ್ಲ. ಯುದ್ಧ ಕಂಡವರಿಗೆ ನನ್ನ ಆಟ ಹೇಸಿಗೆ ಹುಟ್ಟಿಸಿದೆ, ದೊಡ್ಡತನದಿಂದ ಬೈಯದೆ ಬಿಟ್ಟಿದ್ದಾರೆ ಎಂದುಕೊಂಡೆ. ಆ ಚಳಿಗಾಲವಿಡೀ ನಾನು ಬ್ರಶ್ಶು ಮುಟ್ಟಲಿಲ್ಲ.

ಜನವರಿಯಲ್ಲಿ ಒಂದು ಮಧ್ಯಾಹ್ನ ಮಾವನವರು ಹೇಳದೆ ಕೇಳದೆ ಸದಲಗಾದ ಬಸ್ಸು ಹತ್ತಿ ಬಂದು, ಮನೆಗೆ ಹೋಗದೆ, ದವಾಖಾನೆಯ ಬೆಂಚಿನ ಮೇಲೆ ಆಡುಗಳ ನಡುವೆ ಕುಳಿತರು. ಎಲ್ಲರೂ ಹೋಗುವ ತನಕ ಕಾದರು. ಕೊನೆಯ ಎಮ್ಮೆ ಗೇಟು ದಾಟಿದ ಮೇಲೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

"ಅಳಿಯಂದ್ರ, ಟ್ಯಾಂಕಿನಾಗ ಎಷ್ಟ ಮಂದಿ ಕುಂದರ್ತಾರ?"

ನನ್ನನ್ನು ಪರೀಕ್ಷಿಸಲು ಬಂದಿದ್ದಾರೆ ಎಂದು ಗಾಬರಿಯಾಗಿ, ಡ್ರೈವರ್, ಗುಂಡು ಹೊಡೆಯುವ ಗನ್ನರ್, ಗುಂಡು ತುಂಬುವ ಲೋಡರ್, ಕಮಾಂಡರ್ ಎಂದು ಒಪ್ಪಿಸಿದೆ. ಅವರು ಬಾಯೊಳಗೇ ಒಂದೊಂದನ್ನೂ ತಿರುಗಿ ಹೇಳಿಕೊಂಡರು. "ಗನ್ನರ್ ಎಡಕ ಕುಂದರ್ತಾನೋ ಬಲಕೋ?" ಎಂದರು. ಆಗ ನನಗೆ ಏನೋ ಹೊಳೆದು, "ಮಾವಾರ, ನಿಮಗ ಗೊತ್ತಿಲ್ಲೇನ್ರಿ?" ಎಂದೆ.

"ನಾ ಒಳಗ ಎಂದೂ ಕುಂತಿಲ್ಲಪಾ."

ಮದುವೆಯಾದಂದಿನಿಂದ ಅವರು ನನ್ನನ್ನು ಬಹುವಚನ ಬಿಟ್ಟು ಮಾತಾಡಿಸಿದವರಲ್ಲ. ಅಂದು 'ಅಪಾ' ಎಂದರು. "ನಾ ಲಾಂಗ್ರಿ ಇದ್ದೆ" ಎಂದರು. ಲಾಂಗ್ರಿ ಎಂದರೆ ಪಲ್ಟನ್ನಿನ ಅಡುಗೆಯವನು. ಇಪ್ಪತ್ತು ಮೂವತ್ತು ಜನರಿಗೆ ರೊಟ್ಟಿ ಬಡಿದು, ದಾಲ್ ಕುದಿಸಿ, ಬುಟ್ಟಿ ಹೊತ್ತು ತಲುಪಿಸುವವನು. "ನಾ ಸುಳ್ಳ ಹೇಳಿಲ್ಲ. ನಾವು ಹೋದಿವಿ ಅಂತ ಹೇಳಿದೆ. ಖರೇನ ಎಲ್ಲಾರೂ ಕೂಡೇ ಹೋಗಿದ್ದಿವಿ. ಟ್ಯಾಂಕ್ ಹೊಡೀತಿದ್ದ ಅಂತ ಹೇಳಿದ್ದು ಮಂದಿ. ನಾ ಅಲ್ಲ ಅನ್ನಲಿಲ್ಲ. ಆಮ್ಯಾಲ ಅಲ್ಲ ಅನ್ನಾಕ ಬಾಯೇ ಬರಲಿಲ್ಲ" ಎಂದು ನೆಲ ನೋಡಿದರು. ಈಗ ಬೇಡಕಿಹಾಳದ ಶಾಲೆಯ ಹೆಡ್ಮಾಸ್ತರು ಗಣರಾಜ್ಯ ದಿನದಂದು ನನ್ನ ಟ್ಯಾಂಕನ್ನು ವೇದಿಕೆಯ ಮೇಲಿಟ್ಟು ಮಾವನವರಿಂದ ಭಾಷಣ ಮಾಡಿಸಲು ಗೊತ್ತು ಮಾಡಿದ್ದರು. ಸಾಲದ್ದಕ್ಕೆ ಅದೇ ಊರಿನ ತಾನಾಜಿ ಎಂಬ ಹುಡುಗ, ಖರೇ ಟ್ಯಾಂಕಿನ ರೆಜಿಮೆಂಟಿನ ಜವಾನ, ರಜೆಯ ಮೇಲೆ ಬಂದಿದ್ದ. ಅವನೂ ಬರುತ್ತಾನೆ. ಅವನು ಏನಾದರೂ ಕೇಳಿದರೆ?

ಹೀಗೆ, ಆಟಿಕೆಯ ಅಳಿಯ ಯುದ್ಧದ ಮಾವನಿಗೆ ಟ್ಯಾಂಕಿನ ಪಾಠ ಮಾಡುವ ಕಾಲ ಬಂತು. ಅವರು ದಿನಾ ಮಧ್ಯಾಹ್ನ ಬರುತ್ತಿದ್ದರು. ಔಷಧಿ ಮೇಜಿನ ಮೇಲೆ ಸೆಂಚುರಿಯನ್ ಇಟ್ಟು, ಇಂಜೆಕ್ಷನ್ನಿನ ಸೂಜಿಯಿಂದ ತೋರಿಸುತ್ತ ನಾನು ಹೇಳುವುದು, ಅವರು ಕೈ ಕಟ್ಟಿ ನಿಂತು ಕೇಳುವುದು. ನನಗೆ ನಾಚಿಕೆ, ಅವರಿಗೆ ನಾಚಿಕೆ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಟ್ಯಾಂಕನ್ನೇ ನೋಡುತ್ತಿದ್ದೆವು. ಅವರಿಗೆ ಏನೂ ನೆನಪಿರುತ್ತಿರಲಿಲ್ಲ. ಲೋಡರನ್ನು ಡ್ರೈವರನ ಜಾಗದಲ್ಲಿ ಕೂಡಿಸುತ್ತಿದ್ದರು, ಕಮಾಂಡರನನ್ನು ಮರೆತೇಬಿಡುತ್ತಿದ್ದರು. ಒಮ್ಮೆ ಟ್ಯಾಂಕಿನ ಹಿಂಭಾಗದ ಮೇಲೆ ಬೆರಳಿಟ್ಟು, "ಇಲ್ಲಿ ಬಿಸಿ ಇರ್ತಿತ್ತು" ಎಂದರು. ನಾನು ಮೇಷ್ಟರ ಗತ್ತಿನಲ್ಲಿ, "ಅದಿರ್ಲಿ ಬಿಡ್ರಿ ಮಾವಾರ, ಅದನ್ನ ಯಾರ ಕೇಳ್ತಾರ? ಗನ್ನರ್ ಕಡೆ ಬರ್ರಿ" ಎಂದೆ. ಕಡೆಗೆ, ಹೆಚ್ಚು ಮಾತಾಡುವುದು ಬೇಡ, ಟ್ಯಾಂಕಿನ ಪಲ್ಟನ್ನಿನಲ್ಲಿದ್ದೆ ಎಂದಷ್ಟೇ ಹೇಳಿ ಜೈ ಹಿಂದ್ ಎಂದು ಕುಳಿತುಬಿಡುವುದು ಎಂದು ಇಬ್ಬರೂ ಗೊತ್ತು ಮಾಡಿಕೊಂಡೆವು.

ಆ ದಿನ ಶಾಲೆಯ ಅಂಗಳದಲ್ಲಿ ಊರೆಲ್ಲ ನೆರೆದಿತ್ತು. ಧ್ವಜವಂದನೆ ಆಯಿತು. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ನನ್ನ ಟ್ಯಾಂಕನ್ನು ಇಟ್ಟಿದ್ದರು. ಅದರ ಎರಡೂ ಬದಿಗೆ ಊದುಬತ್ತಿ. ಮೊದಲ ಸಾಲಿನಲ್ಲಿ ತಾನಾಜಿ, ಸಮವಸ್ತ್ರ ಹಾಕಿಕೊಂಡು, ಟ್ಯಾಂಕಿನ ಕಡೆಯೇ ಕಣ್ಣಿಟ್ಟು ಕುಳಿತಿದ್ದ. ಹೆಡ್ಮಾಸ್ತರು ಇದ್ದಕ್ಕಿದ್ದಂತೆ, "ಮೊದಲಿಗೆ ಇದನ್ನು ತಯಾರಿಸಿದ ಡಾಕ್ಟರ ಸಾಹೇಬರು ಎರಡು ಮಾತು ಆಡಬೇಕು" ಎಂದರು. ನನಗೆ ಭಾಷಣ ರೂಢಿಯಿಲ್ಲ. ಈ ಟ್ಯಾಂಕನ್ನು ನಾನು ಮಾಡಿದೆ ಎಂದು ಅಷ್ಟು ಜನರೆದುರು ಹೇಳುವುದೆಂದರೆ ಬಟ್ಟೆ ಕಳಚಿ ನಿಂತಂತೆ. ಹಾಗಾಗಿ ನನ್ನ ವಿಷಯ ಬಿಟ್ಟು ಮಾವನವರ ವಿಷಯ ಎತ್ತಿದೆ. ಎರಡು ವಾಕ್ಯಕ್ಕೆ ಚಪ್ಪಾಳೆ ಬಿತ್ತು. ಜೀವಮಾನದಲ್ಲಿ ನನಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಅದರ ಅಮಲು ಥಿನ್ನರಿನ ಅಮಲಿಗಿಂತ ಜೋರು. ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ, "ನಮ್ಮ ಮಾವನವರು ಸಾಮಾನ್ಯರಲ್ಲ! ಇಂಥದೇ ಟ್ಯಾಂಕಿನ ಗನ್ನರ್ ಆಗಿದ್ದರು! ಶತ್ರುವಿನ ಮೂರು ಟ್ಯಾಂಕುಗಳನ್ನು ಸುಟ್ಟು ಬೂದಿ ಮಾಡಿದರು!" ಎಂದುಬಿಟ್ಟಿದ್ದೆ. ಅಂಗಳವೇ ಎದ್ದು ಚಪ್ಪಾಳೆ ಹೊಡೆಯಿತು. ನಾನು ತಿರುಗಿ ನೋಡಿದಾಗ ಮಾವನವರ ಮುಖದಲ್ಲಿ ರಕ್ತವಿರಲಿಲ್ಲ.

ಅವರು ಎದ್ದು ನಿಂತರು. ಮಾತು ಹೊರಡಲಿಲ್ಲ. ಆ ಮೌನವನ್ನು ದೊಡ್ಡವರ ವಿನಯ ಎಂದು ತಿಳಿದ ತಾನಾಜಿ ಎದ್ದು ಸೆಲ್ಯೂಟ್ ಹೊಡೆದ. "ಕಾಕಾ, ಒಂದ ಕೇಳ್ಲೇನ್ರಿ? ನಾವು ಎಕ್ಸರ್ಸೈಜಿಗೆ ಹೋದಾಗ ಮೂರ ಮೂರ ದಿನಾ ಗಾಡಿ ಬಿಟ್ಟ ಇಳ್ಯಾಂಗಿಲ್ಲ. ಊಟದ್ದು ಭಾಳ ತ್ರಾಸ. ಖರೇ ಲಡಾಯಿದಾಗ ನೀವು ಊಟಾ ಹೆಂಗ ಮಾಡ್ತಿದ್ರಿ?"

ನಮ್ಮ ಪಾಠದಲ್ಲಿ ಊಟ ಇರಲೇ ಇಲ್ಲ.

ಮಾವನವರು ತಾನಾಜಿಯನ್ನು ನೋಡಿದರು. ಆಮೇಲೆ ಮೇಜಿನ ಹತ್ತಿರ ಹೋಗಿ ಟ್ಯಾಂಕಿನ ಹಿಂಭಾಗದ ಮೇಲೆ ಕೈಯಿಟ್ಟರು. "ಇಲ್ಲಿ ಇಂಜಿನ್ ಇರತೈತಿ. ಭಾಳ ಬಿಸಿ. ಪುರಿ ಡಬ್ಬಿ ಇದರ ಮ್ಯಾಲ ಇಟ್ರ ಎರಡ ತಾಸ ಆರ್ತಿರ್ಲಿಲ್ಲ. ಪುರಿ, ಬಟಾಟಿ, ಒಂದ ಚೂರ ಬೆಲ್ಲ. ಬೆಲ್ಲಾ ಮರತ್ರ ಹುಡುಗೂರ ಸಿಟ್ಟಾಗ್ತಿದ್ರು" ಎಂದರು. ಅವರ ಧ್ವನಿ ಡೇರಿಯ ಕಟ್ಟೆಯ ಧ್ವನಿಯಾಗಿರಲಿಲ್ಲ. "ಗಾಡಿ ಹೊ‌ಳ್ಳಿ ಬರೂ ಸಪ್ಪಳ ಕೇಳಿದ ಕೂಡ್ಲೇ ಚಹಾಕ ಇಡ್ತಿದ್ದೆ. ಸಪ್ಪಳದ ಮ್ಯಾಲ ಎಷ್ಟ ಗಾಡಿ ಬಂದಾವ ಅಂತ ತಿಳೀತಿತ್ತು, ಅಷ್ಟ ಮಂದಿಗೆ ನೀರ ಹಾಕೂದು. ಒಂದ ದಿನಾ ಒಂದ ಗಾಡಿ ಬರಲಿಲ್ಲ. ಅವರ ಪುರಿ ಡಬ್ಬಿ ಹಂಗ ಉಳೀತು. ಸಾಹೇಬ್ರು ಬ್ಯಾರೇದವ್ರಿಗೆ ಹಂಚು ಅಂದ್ರು. ನನಗ ಆ ಮುಚ್ಚಳಾ ತಗ್ಯಾಕ ಆಗಲಿಲ್ಲ." ಅವರು ಟ್ಯಾಂಕಿನಿಂದ ಕೈ ತೆಗೆದರು. "ನಾ ಗನ್ನರ್ ಅಲ್ಲೋ ತಾನಾಜಿ. ನಾ ಲಾಂಗ್ರಿ. ಒಂದ ಗುಂಡೂ ಹೊಡದಾವಲ್ಲ. ಇಷ್ಟ ವರ್ಸ ನಿಮಗೆಲ್ಲಾ ಹೇಳಲಿಲ್ಲ, ನಾಚಿಕಿ ಬಂತು."

ತಾನಾಜಿ ವೇದಿಕೆ ಹತ್ತಿ ಬಂದು ಅವರ ಕಾಲು ಮುಟ್ಟಿದ. "ನಾಚಿಕಿ ಯಾಕ್ರಿ ಕಾಕಾ? ನಮ್ಮ ಲಾಂಗ್ರಿ ರಜಾ ಹೋದ್ರ ನಮ್ಮ ಕರ್ನಲ್ ಸಾಹೇಬ್ರ ಮಾರೀನೂ ಬಾಡ್ತೈತಿ" ಎಂದ. ಜನ ನಕ್ಕರು, ಆದರೆ ಒಳ್ಳೆಯ ನಗು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅತ್ತೆ ಪಕ್ಕದವರಿಗೆ, "ನನಗ ಲಗ್ನಾದ ವರ್ಸಾನ ಗೊತ್ತಾಗಿತ್ತವ್ವಾ, ಅವ್ರು ಉಳ್ಳಾಗಡ್ಡಿ ಹೆಚ್ಚೂದ ನೋಡಿ" ಎಂದು ಹೇಳುವುದು ನನ್ನ ತನಕ ಕೇಳಿಸಿತು. ಮಾವನವರು ಕಣ್ಣೊರೆಸಿಕೊಂಡು ಮೊದಲ ಸಲ ಬೆನ್ನು ಬಾಗಿಸಿ ಕುರ್ಚಿಯ ಮೇಲೆ ಒರಗಿದರು. ಎಲ್ಲ ಇಷ್ಟಕ್ಕೇ ಮುಗಿಯಬಹುದಿತ್ತು. ಅಷ್ಟರಲ್ಲಿ ಯಾರೋ ಒಬ್ಬ ನಡುವಿನಿಂದ, "ಹಂಗಾದ್ರ ಆ ಮೂರ ಟ್ಯಾಂಕ್ ಸುಟ್ಟಾವ್ರು ಯಾರ್ರಿ ಡಾಕ್ಟ್ರ?" ಎಂದು ಕೂಗಿದ. ಇಡೀ ಊರು ನನ್ನ ಕಡೆ ತಿರುಗಿತು.

ಮಾವನವರು ಇಪ್ಪತ್ತು ವರ್ಷದಲ್ಲಿ ಬಾಯಿಬಿಟ್ಟು ಹೇಳದ ಸುಳ್ಳನ್ನು ನಾನು ಎರಡು ನಿಮಿಷದಲ್ಲಿ, ಮೈಕಿನಲ್ಲಿ, ಕೈ ಎತ್ತಿ ಹೇಳಿದ್ದೆ. ಅವರನ್ನು ಕಾಪಾಡಲು ಹೇಳಿದೆ ಎನ್ನುವ ಹಾಗೂ ಇರಲಿಲ್ಲ. ಸತ್ಯವಾಗಿ ಹೇಳಬೇಕೆಂದರೆ ಚಪ್ಪಾಳೆಗಾಗಿ ಹೇಳಿದ್ದೆ. ಮಾವನವರೇ ಎದ್ದು, "ಅವರಿಗೇನ ಅನಬ್ಯಾಡ್ರಿ. ಅಳಿಯಂದ್ರು ಸಣ್ಣ ಹುಡುಗೂರಂಗ. ಆಟಿಗಿ ಆಡ್ತಾರ" ಎಂದರು. ನನ್ನ ಪರವಾಗಿ ಆಡಿದ ಮಾತದು. ಅದಕ್ಕಿಂತ ಅವರು ಒಂದು ಏಟು ಹಾಕಿದ್ದರೆ ಸುಖವಾಗುತ್ತಿತ್ತು.

ಆಮೇಲೆ ಮಾವನವರ ದೆಸೆಯೇ ಬದಲಾಯಿತು. ಊರಿನ ಮದುವೆ ಮುಂಜಿಗಳಲ್ಲಿ ಅವರೇ ಮುಂದೆ ನಿಂತು ಪುರಿ ಕರಿಯತೊಡಗಿದರು. ಮನೆಯ ಒಲೆಯ ಮುಂದೂ ಕುಳಿತರು. ಅತ್ತೆಗೆ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎನ್ನುತ್ತಿದ್ದವರು ತಾವೇ ಹಾಕತೊಡಗಿದರು. ಬೂಟು ಬಿಟ್ಟು ಚಪ್ಪಲಿ ಹಾಕಿದರು. ಅವರಿಗೆ ನನ್ನ ಟ್ಯಾಂಕಿನ ಮೇಲೆ ಎಂಥ ಪ್ರೀತಿ ಎಂದರೆ, ಬಂದಾಗಲೆಲ್ಲ ಕೋಣೆಯ ಬಾಗಿಲು ತೆರೆಸಿ, ನನ್ನ ಪಕ್ಕ ಕುಳಿತು, "ಇಲ್ಲಿ ಇನ್ನೊಂದೀಟ ಕೆಸರ ಹಚ್ಚರಿ, ಖರೇನ ಹಿಂಗ ಇರ್ತಿತ್ತು" ಎನ್ನುತ್ತಿದ್ದರು.

ನನ್ನ ದೆಸೆಯೂ ಬದಲಾಯಿತು. ಬೇಡಕಿಹಾಳದಲ್ಲಿ ಸುಳ್ಳಿಗೆ ಒಂದು ಹೊಸ ಹೆಸರು ಹುಟ್ಟಿತು. ಯಾರಾದರೂ ಬಡಾಯಿ ಕೊಚ್ಚಿದರೆ "ಏ, ಗನ್ನರ್ ಹೊಡೀಬ್ಯಾಡಲೇ" ಎನ್ನತೊಡಗಿದರು. ಹಾಲಿಗೆ ನೀರು ಹಾಕಿ ಇಲ್ಲವೆಂದರೆ ಅದು ಗನ್ನರ್. ಆ ಮಾತು ಹಾಲಿನ ಗಾಡಿ ಹತ್ತಿಕೊಂಡು ಸದಲಗಾಕ್ಕೂ ಬಂತು, ಚಿಕ್ಕೋಡಿಯ ತನಕವೂ ಹೋಯಿತು. ಅದು ಎಲ್ಲಿಂದ ಬಂತೆಂದು ತಿಳಿಯದ ಜನ ನನ್ನೆದುರೇ ಅದನ್ನು ಆಡುತ್ತಿದ್ದರು. ತಿಳಿದವರ ಕಾಟ ಬೇರೆಯೇ. ಒಂದು ಬೆಳಿಗ್ಗೆ ಬೇಡಕಿಹಾಳದ ರೈತನೊಬ್ಬ ತನ್ನ ಎಮ್ಮೆಯನ್ನು ತಪಾಸಣೆಗೆ ಹೊಡೆದುಕೊಂಡು ಬಂದ. ನಾನು ಬಹಳ ಗಾಂಭೀರ್ಯದಿಂದ, ಹತ್ತು ಜನ ನೋಡುತ್ತಿರುವಾಗ, ತೋಳಿನ ತನಕ ಕೈ ಹಾಕಿ ನೋಡಿ, "ಗಬ್ಬ ಐತಿ" ಎಂದೆ. ಅವನು ಹಗ್ಗ ಹಿಡಿದುಕೊಂಡೇ ನನ್ನ ಮುಖವನ್ನು ದಿಟ್ಟಿಸಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ:

"ಖರೇ ಐತೇನ್ರಿ ಸಾಹೇಬ್ರ, ಇಲ್ಲಾ ಗನ್ನರ್ ಐತ್ರಿ?"

ನಾನಿನ್ನೂ ಕೈ ಹೊರಗೆ ತೆಗೆದಿರಲಿಲ್ಲ. ಎಮ್ಮೆಯೂ ಕತ್ತು ತಿರುಗಿಸಿ, ನನ್ನ ಉತ್ತರಕ್ಕಾಗಿ ಕಾಯುತ್ತಿತ್ತು.